ನಡುನೆತ್ತಿಯ ಹುಲ್ಲು

ಎಲ್ಲಕ್ಕೂ ಕಾರಣ ಸಾಹೇಬರ ನೆತ್ತಿಯ ಮೇಲೆ ಉಳಿದಿದ್ದ ನಾಲ್ಕು ಕೂದಲು.

ಕ್ರೀಡಾಂಗಣದ ಹುಲ್ಲು ನೋಡಿಕೊಳ್ಳುವವನಿಗೆ ಊರಿಟ್ಟ ಹೆಸರು ಹುಲ್ಲಪ್ಪ. ಹತ್ತಾರು ದೇಶಗಳ ಗಂಡಸರ ಫುಟ್‌ಬಾಲ್ ಪಂದ್ಯಾವಳಿ ಈ ಸಲ ಅವರ ದೇಶದಲ್ಲಿ. ಒಂದು ಪಂದ್ಯವಾದರೂ ತಮ್ಮೂರಿಗೆ ಸಿಗಬೇಕಾದರೆ ಹೊರದೇಶದ ಅಧಿಕಾರಿಯೊಬ್ಬ ಬಂದು ಮೈದಾನ ಒಪ್ಪಬೇಕು. ಆತ ಬರುವುದು ಅಂದೇ ಮಧ್ಯಾಹ್ನ. "ಪಂದ್ಯ ಸಿಕ್ಕಿತೋ, ನಿನ್ನ ಕೆಲಸ ಖಾಯಂ" ಎಂದಿದ್ದರು ಕ್ರೀಡಾಂಗಣದ ಉಸ್ತುವಾರಿಯ ಸಾಹೇಬರು.

ಬೆಳಿಗ್ಗೆ ಹುಲ್ಲಪ್ಪ ಫೋನ್ ಮಾಡಿದ. "ಸಾರ್, ಮೆಷಿನ್ ತಂದಿದೀನಿ. ಹೆಂಗೆ ಕತ್ತರಿಸ್ಲಿ?"

"ಸುತ್ತ ಹಂಗೇ ಇರ್ಲಿ. ನಡೂಮಧ್ಯ ಮಾತ್ರ ನುಣ್ಣಗೆ ಬೋಳಿಸಿಬಿಡು."

"ಬೋಳಿಸೋದಾ ಸಾರ್?"

"ಹೂಂ ಕಣಯ್ಯ! ಅಲ್ಲೇನಿದೆ ಅಂತ ಉಳಿಸ್ತೀಯ?"

ದೊಡ್ಡವರ ಆಟ, ಹೊಸ ನಿಯಮವಿರಬೇಕು ಎಂದುಕೊಂಡು ಹುಲ್ಲಪ್ಪ ಮೆಷಿನ್ ಓಡಿಸಿದ. ಮೈದಾನದ ನಡುವೆ ಒಂದು ಕೋಣೆಯಷ್ಟು ಜಾಗ ಮಣ್ಣು ಕಾಣುವಂತೆ ಬೋಳಾಯಿತು. ಕ್ಷೌರದಂಗಡಿಯಿಂದ ನೇರ ಬಂದ ಸಾಹೇಬರ ನೆತ್ತಿಯೂ ಹಾಗೇ ಮಿರುಗುತ್ತಿತ್ತು.

"ಅಯ್ಯೋ ಮುಠ್ಠಾಳ! ಅದು ನಾನು ಫೋನ್ ಹಿಡ್ಕೊಂಡೇ ಕ್ಷೌರದವನಿಗೆ ಹೇಳಿದ್ದು ಕಣೋ! ಅಧಿಕಾರಿ ಬರೋದ್ರೊಳಗೆ ಅಲ್ಲಿ ಹುಲ್ಲು ಕಾಣಬೇಕು. ಇಲ್ಲಾಂದ್ರೆ ಮನೆಗೆ ನಡಿ!"

ಗೇಟಿನ ಕಾವಲುಗಾರ ಗೊಬ್ಬರ ಹಾಕೆಂದ, ಊಟದ ಹೊತ್ತಿಗೆ ಮೊಳೆಯುತ್ತದೆ ಎನ್ನುವವನಂತೆ. ಗೆರೆ ಬಳಿಯುವ ಪೇಂಟರ್ ಕೇಳದೆಯೇ ಬಂದು ಹಸಿರು ಬಣ್ಣ ಸುರಿದ. ಜಾಗ ಪಾಚಿಗಟ್ಟಿದ ಕೊಳದಂತಾಯಿತು. ಕಪ್ಪೆಯೊಂದು ವಟಗುಟ್ಟುವುದಷ್ಟೇ ಬಾಕಿ.

ಕೊನೆಗೆ ಸುದ್ದಿ ತಿಳಿದು ಆ ಕ್ಷೌರದವನೇ ಓಡಿಬಂದ. ಅವನು ಹುಲ್ಲಪ್ಪನ ಭಾಮೈದ. ಪಂದ್ಯಾವಳಿಯ ಹುರುಪಿಗೆಂದು ಅಂಗಡಿಯ ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತಿದ್ದ.

"ಬೋಳು ತಲೆಗೆ ವಿಗ್ ಇಲ್ವಾ ಭಾವ? ಹಿಡ್ಕೊ ಆ ಕಡೆ!"

ಹಸಿ ಬಣ್ಣವೇ ಅಂಟಾಯಿತು.

ಅಧಿಕಾರಿ ಬಂದ. ಮೈದಾನದ ಅಂಚಿನಲ್ಲೆಲ್ಲ ಮುಖ ಸಿಂಡರಿಸುತ್ತ ನಡೆದವನು ನಡುವೆ ಬಂದು ನಿಂತ. ಮೊಣಕಾಲೂರಿ ಹುಲ್ಲು ಸವರಿದ. ಬೆರಳಿಗೊಂದು ನರೆಗೂದಲು ಸಿಕ್ಕಿತು. ಸಾಹೇಬರ ಕೈ ತಾನಾಗಿ ನೆತ್ತಿಗೆ ಹೋಯಿತು.

ಅಧಿಕಾರಿ ಕೂದಲನ್ನು ಉಫ್ ಎಂದು ಊದಿ, ನಕ್ಕು, ಸಾಹೇಬರ ಕೈ ಕುಲುಕಿ ಏನೇನೋ ಹೇಳಿ ಹೊರಟ.

"ಪಂದ್ಯ ಸಿಕ್ತು ಕಣೋ!" ಸಾಹೇಬರು ಕುಣಿದರು.

"ಹಂಗಾದ್ರೆ ನನ್ನ ಕೆಲ್ಸ ಖಾಯಂ ಅಲ್ವಾ ಸಾರ್?"

ಸಾಹೇಬರ ಕುಣಿತ ನಿಂತಿತು. "ಅದೇ ನೋಡು... ಆ ನಡುವಿನದ್ದು ಅವನಿಗೆ ಬಹಳ ಹಿಡಿಸ್ತಂತೆ. ಮೈದಾನ ಪೂರ್ತಿ ಅದನ್ನೇ ಹಾಸಬೇಕಂತೆ. ಬೆಳೆಯದೇ ಇರೋ ಹುಲ್ಲಿಗೆ ಕತ್ತರಿಸೋನು ಯಾಕಪ್ಪ?"

ಹುಲ್ಲಪ್ಪ ಮೆಷಿನ್ ತಳ್ಳಿಕೊಂಡು ಹೊರಟ. ಭಾಮೈದ ಅವನ ಹೆಗಲ ಮೇಲೆ ಕೈ ಹಾಕಿದ.

"ಬಾ ಭಾವ, ನನ್ನಂಗಡೀಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಬೋಳಿಸಿದ್ದು ಮತ್ತೆ ಬೆಳೆಯುತ್ತೆ. ಕೆಲಸಕ್ಕೆ ಮೋಸ ಇಲ್ಲ."

ಹುಲ್ಲಪ್ಪ ಸಾಹೇಬರ ನೆತ್ತಿಯತ್ತ ಒಮ್ಮೆ ನೋಡಿದ.

"ಎಲ್ಲಾರದ್ದೂ ಬೆಳೆಯಲ್ಲ ಕಣೋ" ಎಂದ.