ಬಳ್ಳಿಗಾವಿಯ ಹಿತ್ತಲ ಕಾಲುವೆ

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿದೆ, ಮನೆ ನೋಡುವ ಶಾಸ್ತ್ರವೂ ಇದೆ. ಆದರೆ ಆ ಮನೆಯಲ್ಲಿ ಬದುಕಬೇಕಾದ ಹೆಣ್ಣು ಆ ಮನೆಯನ್ನು ನೋಡಿ ಬರುವ ಶಾಸ್ತ್ರ ಮಾತ್ರ ಇಲ್ಲ. ಅಪ್ಪ, ಚಿಕ್ಕಪ್ಪ, ಸೋದರಮಾವ ಹೋಗಿ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿಂದು ‘ಮನೆ ಚೆನ್ನಾಗಿದೆ’ ಎಂದು ಬಂದುಬಿಡುತ್ತಾರೆ. ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವವರಿಗೆ ಯಾವ ಮನೆ ತಾನೇ ಚೆನ್ನಾಗಿ ಕಾಣುವುದಿಲ್ಲ? ನೀರು ಎಲ್ಲಿಂದ ಹೊರಬೇಕು, ಒಲೆಯ ಹೊಗೆ ಎಲ್ಲಿ ಹೋಗುತ್ತದೆ, ಪಾತ್ರೆ ಯಾರು ತಿಕ್ಕುತ್ತಾರೆ ಎಂಬುದೆಲ್ಲ ಹಿತ್ತಲ ಕಡೆ ಹೋದವರಿಗಷ್ಟೇ ತಿಳಿಯುವ ಸಂಗತಿ.

ಇದನ್ನು ಕಂಡುಹಿಡಿದವಳು ನಾನಲ್ಲ, ಗಿರಿಜಾ. ಸೊರಬದ ಹತ್ತಿರದ ಜಡೆ ಎಂಬ ಊರಿನ ಕಡೆಯವಳು. ಶಿಕಾರಿಪುರದ ಶಾಲೆಯೊಂದರಲ್ಲಿ ನನ್ನ ಜೊತೆ ಮೇಷ್ಟರಮ್ಮ, ಒಂದೇ ಬಾಡಿಗೆ ಕೋಣೆಯ ಪಾಲುದಾರಳು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಮಾತಾಡುವವಳು. ನಾನು ಅದಕ್ಕೆ ವಿರುದ್ಧ. ಅಗತ್ಯವಿಲ್ಲದೆ ಒಂದು ಮಾತೂ ಆಡುವುದಿಲ್ಲ, ಆಡಿದರೆ ಸರಿಯಾಗಿ ಆಡುತ್ತೇನೆ. ಗಿರಿಜಾಳಿಗೆ ಬಳ್ಳಿಗಾವಿಯ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಸಹಕಾರ ಸಂಘದಲ್ಲಿ ಕೆಲಸದಲ್ಲಿದ್ದ, ಮನೆಯ ಆಡಳಿತ ಅವನ ಅಜ್ಜಿಯದು. ಜಾತಕ ಕೂಡಿತ್ತು, ಹುಡುಗನ ಫೋಟೋ ಬಂದಿತ್ತು, ಗಿರಿಜಾಳ ಫೋಟೋ ಇನ್ನೂ ಅಲ್ಲಿಗೆ ಹೋಗಿರಲಿಲ್ಲ. ಅವರು ಹೆಣ್ಣು ನೋಡಲು ಬರುವ ಮುಂಚೆ ತಾನೇ ಹೋಗಿ ಆ ಮನೆಯನ್ನೊಮ್ಮೆ ನೋಡದಿದ್ದರೆ ಒಪ್ಪುವುದಿಲ್ಲವೆಂದು ಗಿರಿಜಾ ಹಟ ಹಿಡಿದಳು. ಹೆಣ್ಣು ಹಾಗೆ ಹೋದದ್ದು ತಿಳಿದರೆ ಸಂಬಂಧವೂ ಹೋಗುತ್ತದೆ, ಊರಲ್ಲಿ ಮರ್ಯಾದೆಯೂ ಹೋಗುತ್ತದೆ.

ಅದಕ್ಕೇ ನಾನು ಬೇಕಾದೆ. ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವಳು. ಬಳ್ಳಿಗಾವಿ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು, ಅಲ್ಲಿ ಮಠಗಳಿದ್ದವು, ಅಂಗಡಿ ಬೀದಿಗಳಿದ್ದವು, ಕೆರೆಯ ನೀರು ಕಾಲುವೆಗಳಲ್ಲಿ ಊರೊಳಗೆಲ್ಲ ಹರಿಯುತ್ತಿತ್ತು ಎಂದು ನಾನು ಕೋಣೆಯಲ್ಲಿ ಹೇಳಿದಾಗಲೆಲ್ಲ ಗಿರಿಜಾ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಈಗ ಅವಳೇ ಎದ್ದು ಕೂತು, ಉಳಿದಿರುವ ಕಾಲುವೆ ಯಾರ ಯಾರ ಹಿತ್ತಲ ಹಿಂದೆ ಹೋಗುತ್ತದೆಂದು ಕೇಳಿದಳು. ಸಂಶೋಧನೆಯಲ್ಲಿ ಇಷ್ಟು ಆಸಕ್ತಿಯನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಂಡಿರಲಿಲ್ಲ. ‘ನೀನು ಗೈಡು, ನಾವು ಪ್ರವಾಸಿಗಳು’ ಎಂದು ತೀರ್ಮಾನವಾಯಿತು. ನಾನು ಒಂದು ಷರತ್ತು ಹಾಕಿದೆ: ಬರುವುದಾದರೆ ನಿಜವಾಗಿಯೂ ಊರು ನೋಡಬೇಕು.

ಮೂರನೆಯವಳು ಶಮೀಮ್. ನಮ್ಮದೇ ಶಾಲೆಯವಳು, ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿಯ ಮಗಳು. ಭಾನುವಾರ ಅವರ ಮನೆಯಲ್ಲಿ ಚಹಾ ಕುಡಿದು, ಅಲ್ಲಿಂದ ನಡೆದೇ ಬಳ್ಳಿಗಾವಿಗೆ ಹೋದೆವು. ಕೇದಾರೇಶ್ವರ ದೇವಸ್ಥಾನದ ಮುಂದೆ ನಾನು ವಿವರಿಸುತ್ತಿದ್ದಾಗ ಗಿರಿಜಾ ಚಪ್ಪಲಿ ಕಳಚಲೂ ಇಲ್ಲ. ಕಾಲುವೆ ಯಾವ ಕಡೆ ಎಂದಷ್ಟೇ ಕೇಳಿದಳು. ಕೆರೆ ಏರಿಯ ಕೆಳಗಿನಿಂದ ಕಾಲುವೆ ಹಿಡಿದು ಹೊರಟೆವು. ಎಡಕ್ಕೆ ಗದ್ದೆ, ಬಲಕ್ಕೆ ಸಾಲಾಗಿ ಹಿತ್ತಲುಗಳು. ನಾನು ಮುಂದೆ ನಡೆಯುತ್ತ, ಕಾಲುವೆಯ ಅಂಚಿಗೆ ಕಟ್ಟಿದ ಹಳೆಯ ಕಲ್ಲು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಎಂದು ತೋರಿಸುತ್ತಿದ್ದೆ. ಹಿಂದಿನಿಂದ ಗಿರಿಜಾ ಒಣಹಾಕಿದ ಬಟ್ಟೆ, ಸೌದೆ ರಾಶಿ, ಬಚ್ಚಲ ಹಂಡೆಗಳನ್ನು ನನಗಿಂತ ಹೆಚ್ಚು ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು.

ನಾವು ಹುಡುಕುತ್ತಿದ್ದ ಹಿತ್ತಲಿನಲ್ಲಿ, ಕಾಲುವೆಯ ಮೆಟ್ಟಿಲ ಮೇಲೆ, ಲುಂಗಿ ಎತ್ತಿ ಕಟ್ಟಿದ ಒಬ್ಬ ಯುವಕ ಕುಕ್ಕರಗಾಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದ. ಜಾತಕದ ಜೊತೆ ಬಂದಿದ್ದ ಫೋಟೋದವನೇ. ಮೂರು ಹೆಂಗಸರು ಎದುರಿಗೆ ನಿಂತರೆ ಬೇರೆ ಯಾವ ಗಂಡಸಾದರೂ ಪಾತ್ರೆ ಬಿಟ್ಟು ಎದ್ದು ಕೈ ಒರೆಸಿಕೊಳ್ಳುತ್ತಿದ್ದ. ಇವನು ತಲೆ ಎತ್ತಿ, “ಆ ಕಲ್ಲು ಅಲ್ಲಾಡ್ತೈತಿ, ಇತ್ಲಾಗೆ ಬರ್ರಿ” ಎಂದು ದಾರಿ ತೋರಿಸಿ, ಅಮ್ಮನಿಗೆ ಜ್ವರ ಎಂದು ಹೇಳಿ ಮತ್ತೆ ಕೊಪ್ಪರಿಗೆಯ ತಳ ತಿಕ್ಕತೊಡಗಿದ. ಗಿರಿಜಾಳ ಮಾತು ಅಲ್ಲಿಗೆ ನಿಂತಿತು. ಅಷ್ಟು ವರ್ಷದ ಸ್ನೇಹದಲ್ಲಿ ಅವಳು ನೆಲ ನೋಡುತ್ತ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಸದ್ದು ಕೇಳಿ ಅಜ್ಜಿ ಹೊರಗೆ ಬಂದರು. ಯಾವೂರಿನವರು, ಏನು ಕೆಲಸ ಎಂದು ಕೇಳಿದರು. ಗಿರಿಜಾ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಶಮೀಮ್ ನಗು ತಡೆಯುತ್ತಿದ್ದಳು. ಉತ್ತರ ಹೇಳುವ ಕೆಲಸ ನನಗೆ ಬಂತು. ಶಿಕಾರಿಪುರದಲ್ಲಿ ಟೀಚರುಗಳು, ಹಳೆಯ ಊರು ನೋಡಲು ಬಂದಿದ್ದೇವೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಕಣ್ಣು ಬಿತ್ತು. ಅದು ವೀರಗಲ್ಲು. ಕತ್ತಿ ಹಿಡಿದ ವೀರನ ಎದೆ ಸೋಪಿನ ನೀರಿಗೆ ಸವೆದು ನುಣ್ಣಗಾಗಿತ್ತು. ನಾನು ಅದರ ಕಾಲ, ಶೈಲಿ, ಮಹತ್ವ ಎಲ್ಲ ಹೇಳಿ, ಇದರ ಮೇಲೆ ಬಟ್ಟೆ ಒಗೆಯಬಾರದು, ಬೇರೆ ಕಲ್ಲು ಹಾಕಿಸಿಕೊಳ್ಳಿ ಎಂದು ಸ್ಪಷ್ಟವಾಗಿ ತಿಳಿಸಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಒಳಗೆ ಕರೆದು ಮಜ್ಜಿಗೆ ಕೊಟ್ಟು, ಅರಿಸಿನ ಕುಂಕುಮ ಕೊಟ್ಟು ಕಳಿಸಿದರು. ನನಗೆ ಮಾತ್ರ ಕುಂಕುಮವನ್ನು ತಾವೇ ಹಚ್ಚಿ, ಮುಖವನ್ನು ಬಹಳ ಹೊತ್ತು ನೋಡಿದರು. ವಿದ್ಯೆಗೆ ಸಂದ ಗೌರವ ಎಂದುಕೊಂಡೆ.

ವಾಪಸು ಬರುವ ದಾರಿಯಲ್ಲಿ ಗಿರಿಜಾ, “ಮದುವೆ ಅಂತ ಆದರೆ ಇವನನ್ನೇ ಮಾರಾಯ್ತಿ” ಎಂದಳು. ಆ ವಾರವೇ ಬಳ್ಳಿಗಾವಿಯಿಂದ ಅವಳ ಅಪ್ಪನಿಗೆ ಸುದ್ದಿ ಹೋಯಿತು: ಹುಡುಗಿ ನಮ್ಮ ಮನೆಗೆ ಹೊಂದುವುದಿಲ್ಲ, ಹೆಣ್ಣು ನೋಡಲು ಬರುವುದಿಲ್ಲ. ಕಾರಣ ಹೇಳಿರಲಿಲ್ಲ. ಗಿರಿಜಾ ಎರಡು ಹೊತ್ತು ಊಟ ಬಿಟ್ಟಳು, ಮಾತು ಬಿಟ್ಟಳು. ಕೋಣೆಯ ಮೌನ ನನಗೇ ತಡೆಯಲಾಗಲಿಲ್ಲ.

ಕಾರಣ ತಿಳಿದದ್ದು ಸಂತೆಯ ದಿನ, ಶಮೀಮಳ ಅಪ್ಪನ ಅಂಗಡಿಯಲ್ಲಿ. ಸೀರೆ ಕೊಳ್ಳಲು ಬಂದ ಅಜ್ಜಿಯನ್ನು ಶಮೀಮ್ ತಾನೇ ಕೂರಿಸಿ ಮಾತಾಡಿಸಿದಳು. ಶಿಕಾರಿಪುರದ ಟೀಚರುಗಳು ಎಂದಾಗಲೇ ಮೂವರಲ್ಲಿ ಒಬ್ಬಳು ತಮ್ಮ ಮನೆಗೆ ಬರಬೇಕಾದವಳೆಂದು ಅಜ್ಜಿಗೆ ಹೊಳೆದಿತ್ತು. ಅಷ್ಟು ಧೈರ್ಯ ಯಾರಿಗಿರಬಹುದೆಂದು ಯೋಚಿಸಿ, ಮುಂದೆ ನಿಂತು ಮಾತಾಡಿದವಳೇ ಎಂದು ತೀರ್ಮಾನಿಸಿದ್ದರು.

“ಬಂದು ನೋಡಿದ್ದಕ್ಕೆ ನಾನೇನೂ ಅನ್ನಾಂಗಿಲ್ಲವ್ವ. ಇನ್ನೂ ಹೊಸಿಲು ತುಳಿದಿಲ್ಲ, ಆಗ್ಲೇ ಒಗೆಯೋ ಕಲ್ಲು ಬದಲು ಮಾಡು ಅಂತಾಳಲ್ಲ?”

“ಅಜ್ಜೀ, ನೀವು ಬೇಡ ಅಂದಿದ್ದು ಹುಡುಗೀನ ಅಲ್ಲ, ಗೈಡನ್ನ” ಎಂದಳು ಶಮೀಮ್.

ಅಜ್ಜಿ ಸೀರೆಯ ಸೆರಗು ಸವರುತ್ತ, ಹಾಗಾದರೆ ಬಾಯಿ ಬಿಡದೆ ನೆಲ ನೋಡುತ್ತಿದ್ದವಳೇ ಹುಡುಗಿಯೋ ಎಂದು ಕೇಳಿದರಂತೆ. ಹೌದೆಂದ ಮೇಲೆ, “ಆಕಿಗೆ ಯಾವ ಬಣ್ಣ ಒಪ್ತೈತಿ?” ಎಂದರಂತೆ.

ಮದುವೆಯಾಗಿ ಈಗ ಆರು ತಿಂಗಳು. ಮೊನ್ನೆ ಗಿರಿಜಾಳನ್ನು ನೋಡಲು ಹೋಗಿದ್ದೆ. ಅವಳು ಒಳಗಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಒಳಗೆ ಮಾತಾಡುತ್ತಲೇ ಓಡಾಡುತ್ತಿದ್ದಳು. ಗಂಡ ನಗುತ್ತ ಹೂಂಗುಟ್ಟುತ್ತಿದ್ದ. ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿವಿಯ ಹತ್ತಿರ ಬಂದರು.

“ಕಲ್ಲಿನ ಸುದ್ದಿ ಒಂದು ಬಿಟ್ರೆ ನೀನು ಮಾತೇ ಆಡಾಂಗಿಲ್ಲಂತಲ್ಲ. ನನಗೆ ತಿಳಿಲಿಲ್ಲ ನೋಡವ್ವ. ನಮ್ಮ ತಂಗಿ ಮೊಮ್ಮಗ ಒಬ್ಬ ಅದಾನೆ, ಅವನೂ ಹಿಂಗೇ, ಬಾಯಿ ಬಿಡಾಂಗಿಲ್ಲ. ಹೇಳಿ ಕಳಿಸ್ಲಾ?”

ನನಗೆ ಈಗಲೇ ಮದುವೆಯ ಯೋಚನೆ ಇಲ್ಲ, ಅದು ನನ್ನ ಸ್ವಂತ ವಿಷಯ, ತಮ್ಮ ಅಭಿಮಾನಕ್ಕೆ ಕೃತಜ್ಞಳು ಎಂದು ಮೂರು ಅಂಶಗಳನ್ನು ಕ್ರಮವಾಗಿ ಜೋಡಿಸಿಕೊಂಡೆ. ಯಾವುದನ್ನು ಮೊದಲು ಹೇಳಿದರೆ ಒರಟಾಗುವುದಿಲ್ಲ ಎಂದು ಒಂದು ಗಳಿಗೆ ಯೋಚಿಸಿದೆ. ಬಾಯಿ ತೆರೆಯುವಷ್ಟರಲ್ಲಿ, ಹೆಣ್ಣು ಸುಮ್ಮನಿದ್ದರೆ ಏನರ್ಥವೆಂದು ಚೆನ್ನಾಗಿ ಬಲ್ಲ ಅಜ್ಜಿ ಎದ್ದು, ಸಕ್ಕರೆ ತರಲು ಒಳಗೆ ಹೋಗಿದ್ದರು.