ಗಡ್ಡಕ್ಕೆ ಕಾರಣ ಕೇಳುವ ಊರು

“ಅಣ್ಣಾ, ಇಲ್ಲಿ ಗಡ್ಡ ಬೆಳೆಸೋ ಎಣ್ಣಿ ಮಾಡೋರ ಮನಿ ಎಲ್ಲೈತ್ರಿ?”

ಕಾಲುವೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಆಸಾಮಿ ಕೈ ನಿಲ್ಲಿಸಿದ. ನನ್ನ ಸ್ಕೂಟರ್ ನೋಡಿದ, ಹೆಲ್ಮೆಟ್ ನೋಡಿದ, ಆಮೇಲೆ ಬಹಳ ಹೊತ್ತು ನನ್ನ ಗದ್ದ ನೋಡಿದ.

“ನಿಮಗೇನ್ರಿ?”

“ನನಗಲ್ರೀ, ನನ್ನ ತಮ್ಮಗ.”

“ಹಂಗ ಅಂತಾರ ಬಿಡ್ರಿ ಎಲ್ಲಾರೂ,” ಅಂದು ಮತ್ತೆ ಎಮ್ಮೆ ಉಜ್ಜತೊಡಗಿದ.

ನನಗೆ ಇಂಥವು ಆಗುತ್ತಲೇ ಇರುತ್ತವೆ. ಯಾತ್ರಾ ಕಂಪನಿಯೊಂದರ ಪರವಾಗಿ ಜನರನ್ನು ಗುಂಪು ಕಟ್ಟಿಕೊಂಡು ಕಾಶಿಯಿಂದ ಇಸ್ತಾಂಬುಲ್‌ವರೆಗೆ ತಿರುಗಿಸಿ ತರುವುದು ನನ್ನ ಕಸುಬು. ಇಸ್ತಾಂಬುಲ್ಲಿನ ಸಂದಿಗೊಂದಿಯಲ್ಲಿ ದಾರಿ ತಪ್ಪದವಳು ಬಳ್ಳಾರಿಯಿಂದ ಕುರುಗೋಡಿಗೆ ಬರುವಷ್ಟರಲ್ಲಿ ತಪ್ಪಿದೆ. ಎಡಕ್ಕಿರಬೇಕಾದ ಗುಡ್ಡ ಬಲಕ್ಕೆ ನಿಂತು ನನ್ನನ್ನೇ ಗುಮಾನಿಯಿಂದ ನೋಡುತ್ತಿತ್ತು.

ವಿಷಯ ಇಷ್ಟು. ಬಳ್ಳಾರಿಯಲ್ಲಿ ನನ್ನ ತಮ್ಮ ಜೀನ್ಸ್ ಹೊಲಿಯುವ ಒಂದು ಘಟಕ ನಡೆಸುತ್ತಾನೆ. ಅವನ ಹೆಂಡತಿ ಬಸುರಿ. ಹೆಂಡತಿ ಬಸುರಾದರೆ ಹೆರಿಗೆಯಾಗುವವರೆಗೂ ಗಂಡ ಮುಖಕ್ಕೆ ಕತ್ತಿ ಕತ್ತರಿ ತಾಗಿಸಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಊರಿಗೆಲ್ಲ ಇದು ಗೊತ್ತು. ಹಾಗಾಗಿ ಮದುವೆಯಾದ ಗಂಡಸಿನ ಗಡ್ಡ ಅಂದರೆ ನಮ್ಮ ಓಣಿಯಲ್ಲಿ ಡಂಗುರ ಇದ್ದಂತೆ. ಹಿಂದೆ ಎರಡು ಸಲ ಹೀಗೇ ಆಗಿತ್ತು. ಗಡ್ಡ ನೋಡಿದವರೆಲ್ಲ ಬಂದು ಸಂತೋಷಪಟ್ಟಿದ್ದರು. ಎರಡು ಸಲವೂ ಬಸುರು ನಿಲ್ಲಲಿಲ್ಲ. ಸಂತೋಷಪಟ್ಟವರಿಗೆಲ್ಲ ಆ ಹುಡುಗಿ ಒಬ್ಬೊಬ್ಬರಿಗೇ ಅದನ್ನು ಹೇಳಬೇಕಾಯಿತು.

ಈ ಸಲ ಅವಳು ನನ್ನ ಕೈ ಹಿಡಿದು ಹೇಳಿದ್ದಳು: “ಅಕ್ಕಾರ, ಐದು ತಿಂಗಳು ತುಂಬೋತನಕ ಯಾರಿಗೂ ಗೊತ್ತಾಗಬಾರದು. ನಮ್ಮ ಅವ್ವಗೂ. ಆದ್ರ ಗಡ್ಡಾನೂ ತೆಗೀಬಾರದು. ನೀವು ಊರೂರು ತಿರುಗಿದೋರು, ಏನರ ಮಾಡ್ರಿ.”

ಊರೂರು ತಿರುಗಿದವಳು ಯೋಚಿಸಿದೆ. ಬಾಡಿದ ಗಡ್ಡ ಬಿಟ್ಟವನನ್ನು ಜನ “ಯಾಕ?” ಅಂತ ಕೇಳುತ್ತಾರೆ. ತುಂಬಿದ, ಮಿಂಚುವ, ಬಾಚಿದ ಗಡ್ಡ ಬಿಟ್ಟವನನ್ನು “ಎಲ್ಲಿ ಮಾಡ್ಸಿದಿ?” ಅಂತ ಕೇಳುತ್ತಾರೆ. ಅಂದರೆ ಗಡ್ಡವನ್ನು ಮುಚ್ಚಿಡಬೇಕಿಲ್ಲ, ಅದನ್ನು ಫ್ಯಾಶನ್ ಮಾಡಿದರೆ ಸಾಕು. ತೊಂದರೆ ಒಂದೇ. ನನ್ನ ತಮ್ಮನ ಗಡ್ಡ ಗದ್ದದಲ್ಲಿ ದಟ್ಟ, ಕೆನ್ನೆಯಲ್ಲಿ ಆಡು ಮೇಯ್ದು ಹೋದ ಹೊಲ.

ಹಸಿರು ಮುಖ

ಕುರುಗೋಡಿನ ಎಣ್ಣೆಯವರ ಮನೆ ಕೊನೆಗೂ ಸಿಕ್ಕಿತು. ಹಿರಿಯರು. ತಲೆ ಬೋಳು, ಮುಖ ನುಣುಪು. ಕಟ್ಟೆಯ ಮೇಲೆ ಕೂಡಿಸಿ ವಿಚಾರಣೆ ಶುರು ಮಾಡಿದರು.

“ಗಡ್ಡ ಯಾಕ ಬಿಟ್ಟಾನ ನಿಮ್ಮ ತಮ್ಮ? ಮನ್ಯಾಗ ಯಾರರ ತೀರಿಕೊಂಡಾರೇನು?”

“ಇಲ್ರಿ.”

“ತಿರುಪತಿ ಹರಕಿ?”

“ಇಲ್ರಿ.”

“ಅಯ್ಯಪ್ಪನ ಮಾಲಿ ಹಾಕ್ಯಾನ?”

“ಇಲ್ರಿ. ಫ್ಯಾಶನ್ರೀ.”

“ಹೌದಾ? ಲಗ್ನ ಆಗೇತೇನು?”

ಮಾತು ಯಾವ ಕಡೆ ಹೊರಳುತ್ತಿದೆ ಅಂತ ಗೊತ್ತಾಯಿತು. ಉತ್ತರ ಕೊಡುವ ಬದಲು ನಾನೇ ತಿರುಗಿ ಬಿದ್ದೆ. “ಅದಿರಲಿ ಅಜ್ಜಾರ, ಕೂದಲಿನ ಎಣ್ಣಿ ಮಾಡೋರು ನೀವು, ನಿಮ್ಮ ತಲಿ ಯಾಕ ಹಿಂಗೈತಿ?”

ಅವರಿಗೇನೂ ಬೇಸರವಾಗಲಿಲ್ಲ. “ಮಾಡಿ ಮಾರೂದ್ರಾಗ ಹೊತ್ತು ಹೊಕ್ಕೈತಿ ತಾಯಿ. ಹಚ್ಚಿಕೊಳ್ಳಾಕ ಪುರುಸೊತ್ತು ಎಲ್ಲೈತಿ?”

ಎಣ್ಣೆ ಗಟ್ಟಿ ಹಸಿರು. ವಾಸನೆಗೆ ಬೇವು, ಭೃಂಗರಾಜ, ಇನ್ನೊಂದು ಏನೋ. ಆ ಏನೋ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಮ್ಮ ಮೂಗು ಹಿಡಿದುಕೊಂಡೇ ಒಂದು ವಾರ ಹಚ್ಚಿದ. ಕೆನ್ನೆಯಲ್ಲಿ ಒಂದು ಕೂದಲೂ ಹೆಚ್ಚಾಗಲಿಲ್ಲ. ಆದರೆ ಅವನ ತಲೆದಿಂಬಿನ ಮೇಲೆ ಕಣ್ಣು, ಮೂಗು, ಗದ್ದ ಸಮೇತ ಒಂದು ಹಸಿರು ಮುಖ ಮೂಡಿತು.

ಬಟ್ಟೆ ಒಗೆಯಲು ಬರುವಾಕೆ ಆ ಗವುಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿನಿಂದ ಬಂದಳು. “ಯಕ್ಕಾ, ಇದನ್ನ ಒಗೀಲೋ, ಪೂಜಿ ಮಾಡ್ಲೋ?”

ಕೌಲ್ ಬಜಾರಿನಲ್ಲಿ ತಪಾಸಣೆ

ನಾಟಿ ಎಣ್ಣೆ ಸಾಕು, ಅಂಗಡಿಯ ಸಾಮಾನೇ ನೋಡೋಣ ಅಂತ ಕೌಲ್ ಬಜಾರಿಗೆ ಹೋದೆ. ಅತ್ತರು, ಸುರ್ಮಾ, ಸಾಬೂನು ಮಾರುವ ಹಳೆಯ ಅಂಗಡಿ. ಕೂತಿದ್ದ ಚಾಚಾನ ಗಡ್ಡ ನೋಡಿದ ಕೂಡಲೇ ಸರಿಯಾದ ಜಾಗಕ್ಕೇ ಬಂದೆ ಅನ್ನಿಸಿತು. ಎದೆಯವರೆಗೆ ಇಳಿದ, ರೇಷ್ಮೆಯಂಥ ಬಿಳಿ ಗಡ್ಡ.

“ಗಡ್ಡದ ಸಾಮಾನು ಎಲ್ಲಾ ತೋರಸ್ರಿ,” ಅಂದೆ.

ಎಲ್ಲಾ ತೋರಿಸಿದ. ಗಡ್ಡದ ಎಣ್ಣೆ, ಗಡ್ಡದ ಬಾಮು, ಗಡ್ಡದ ಮೇಣ, ಗಡ್ಡದ ಶಾಂಪೂ, ಕೆನ್ನೆಯ ಮೇಲೆ ಉರುಳಿಸಲು ಸಣ್ಣ ಸೂಜಿಗಳ ರೋಲರು. ಒಂದು ಶೀಶೆಯ ಮೇಲೆ ಸಿಂಹ, ಇನ್ನೊಂದರ ಮೇಲೆ ಸಿಂಹಕ್ಕಿಂತ ಹೆಚ್ಚು ಕೂದಲಿದ್ದ ಮನುಷ್ಯ. ಎರಡು ವಾರದಲ್ಲಿ ಕಾಡಿನಂಥ ಗಡ್ಡ ಬರುತ್ತದೆ ಅಂತ ಬರೆದಿತ್ತು. ಕಾಡು ಬೆಳೆಯಲು ಎಷ್ಟು ದಿನ ಬೇಕು ಅಂತ, ಗಣಿಗೆ ಕಾಡು ಕಳೆದುಕೊಂಡ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಕನ್ನಡಕ ಏರಿಸಿಕೊಂಡು ಒಂದೊಂದೇ ಶೀಶೆ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದತೊಡಗಿದೆ. ಮುಚ್ಚಳ ತೆಗೆದು ಮೂಸಿದೆ. ಮೂರು ಬೇರೆ ಬೇರೆ ಹೆಸರಿನ ಶೀಶೆಗಳಿಗೆ ಒಂದೇ ವಾಸನೆ, ಒಂದೇ ವಿಳಾಸ. ಆ ವಿಳಾಸದ ಫೋಟೋ ತೆಗೆದುಕೊಂಡೆ.

ಚಾಚಾ ಮೆಲ್ಲಗೆ ಎದ್ದು ಶಟರನ್ನು ಅರ್ಧ ಇಳಿಸಿದ. “ಮೇಡಂ, ಚಹಾ ತರಸ್ಲೇನ್ರಿ?”

“ಬ್ಯಾಡ್ರಿ. ಇದ್ರಾಗ ಏನೇನ್ ಹಾಕ್ತಾರ?”

“ನಮಗೆಂಗ ಗೊತ್ತಾಗ್ತೈತ್ರಿ ಮೇಡಂ, ನಾವು ಬರೇ ಮಾರೋರು. ಬಿಲ್ಲು ಎಲ್ಲಾ ಬರೋಬ್ಬರಿ ಐತ್ರಿ. ಯಾವ ಆಫೀಸಿನಿಂದ ಬಂದೀರಿ?”

ಆಫೀಸಿನವಳಲ್ಲ, ತಮ್ಮನಿಗೆ ಗಡ್ಡದ ಎಣ್ಣೆ ಕೊಳ್ಳಲು ಬಂದ ಅಕ್ಕ ಅಂತ ನಂಬಿಸುವಷ್ಟರಲ್ಲಿ ನನಗೆ ಬೆವರು ಬಂತು. ನಂಬಿದ ಮೇಲೆ ಚಾಚಾ ಒಳ್ಳೆಯವನೇ. ಘಮಘಮ ಅನ್ನುವುದನ್ನೆಲ್ಲ ಪಕ್ಕಕ್ಕೆ ಸರಿಸಿ, ವಾಸನೆ ಇಲ್ಲದ ಒಂದು ಎಣ್ಣೆ, ಕೂದಲನ್ನು ಒತ್ತಿ ಕೂರಿಸುವ ಒಂದು ಬಾಮು, ಒಂದು ಮರದ ಬಾಚಣಿಗೆ ಆರಿಸಿದೆವು. ಎಣ್ಣೆಯನ್ನು ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಬೇಕು, ಉರಿಯದಿದ್ದರೆ ಮಾತ್ರ ಕೆನ್ನೆಗೆ. ಎಣ್ಣೆ ಚರ್ಮಕ್ಕೆ, ಬಾಮು ಕೂದಲಿಗೆ. ಕೆನ್ನೆಯ ಖಾಲಿ ಜಾಗಕ್ಕೆ ಯಾವ ಶೀಶೆಯೂ ಬಿತ್ತನೆ ಮಾಡುವುದಿಲ್ಲ, ಪಕ್ಕದ ಕೂದಲು ಉದ್ದವಾದ ಮೇಲೆ ಬಾಚಿ ಮುಚ್ಚಬೇಕು. ಸೂಜಿಯ ರೋಲರು ಕಬ್ಬಿಣದ್ದು. ಪದ್ಧತಿಯ ಪ್ರಕಾರ ಅದು ಕತ್ತಿಯೋ ಅಲ್ಲವೋ ಅನ್ನುವ ಜಗಳ ಮನೆಯಲ್ಲಿ ಏಳುವುದು ಬೇಡವೆಂದು ಅದನ್ನು ಅಲ್ಲೇ ಬಿಟ್ಟೆ.

ಹೊರಡುವಾಗ ಆಸೆ ತಡೆಯಲಾಗದೆ ಕೇಳಿದೆ. “ಚಾಚಾ, ನಿಮ್ಮ ಗಡ್ಡ ಇಷ್ಟು ಚಂದ ಐತಲ್ಲ, ಇದ್ರಾಗ ಯಾವುದು ಹಚ್ಚತೀರಿ?”

ಚಾಚಾ ಶಟರಿನ ಕೆಳಗಿನಿಂದ ಬೀದಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದ. “ಕೊಬ್ಬರಿ ಎಣ್ಣಿ ಅಮ್ಮಾ. ಯಾರಿಗೂ ಹೇಳಬ್ಯಾಡ್ರಿ.”

ಅಡುಗೆಮನೆಯ ಪಂಚಾಯಿತಿ

ಬಳ್ಳಾರಿಯ ಬೇಸಿಗೆಯಲ್ಲಿ ಗಡ್ಡ ಬಿಡುವುದೆಂದರೆ ಮುಖಕ್ಕೆ ಕಂಬಳಿ ಹೊದ್ದುಕೊಂಡಂತೆ. ತಮ್ಮ ಕೆರೆದುಕೊಂಡೇ ಉಣ್ಣುತ್ತಿದ್ದ, ಕೆರೆದುಕೊಂಡೇ ಲೆಕ್ಕ ಬರೆಯುತ್ತಿದ್ದ. ಅವನ ಘಟಕದಲ್ಲಿ ಮೇಜಿಗೊಂದು ಕತ್ತರಿ. ಅವನ ಹೆಂಡತಿಗೆ ಇದೇ ದೊಡ್ಡ ಚಿಂತೆ. ಸಂಜೆ ಮನೆಗೆ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, ಗದ್ದ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ವಿಮಾನ ನಿಲ್ದಾಣಗಳಲ್ಲಿ ನನ್ನನ್ನು ಅಷ್ಟು ತಪಾಸಣೆ ಮಾಡಿದವರಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅವಳ ದನಿ ಜೋರಾಯಿತು. “ಕತ್ತರಿ ಮುಟ್ಟೀರಿ! ಖರೇ ಹೇಳ್ರಿ!”

“ಇಲ್ಲ ಮಾರಾಯ್ತಿ!”

“ಮತ್ತ ಇದ್ಯಾಕ ಗೆರಿ ಕೊರದಂಗ ಐತಿ? ನಿನ್ನಿ ಇಷ್ಟುದ್ದ ಇತ್ತು, ಇವತ್ತು ಇಷ್ಟೇ ಆಗೇತಿ.”

ನಾನು ಓಡಿ ಹೋಗಿ ನೋಡಿದರೆ ನಿಜಕ್ಕೂ ಗಡ್ಡ ಅಚ್ಚುಕಟ್ಟು. ಅಂಚು ನೇರ, ಕೆನ್ನೆ ತುಂಬು. ನನಗೂ ಅನುಮಾನ ಬಂತು. ತಮ್ಮ ನನ್ನನ್ನು ನೋಡಿದ. “ಅಕ್ಕಾ, ನೀನೂ ಹಂಗ ನೋಡಬ್ಯಾಡ.”

ಅವಳಾಗಲೇ ಒಲೆಯ ಪಕ್ಕದ ಕಟ್ಟೆಗೆ ಒರಗಿ ಅಳಲು ಶುರು ಮಾಡಿದ್ದಳು. “ಈ ಸಲಾನೂ ಏನರ ಆದ್ರ ನಾ ಯಾರಿಗಂತ ಹೇಳ್ಲಿ?” ಅಂದಳು.  ನಾನು ಕುಕ್ಕರಿನ ಉರಿ ಆರಿಸಿದೆ.

ತಮ್ಮ ಹೋಗಿ ಗಡ್ಡವನ್ನು ಬಿಸಿನೀರಲ್ಲಿ ಸಾಬೂನು ಹಚ್ಚಿ ತೊಳೆದು ಬಂದ. ಬಾಮು ಇಳಿದದ್ದೇ ತಡ, ಕೂದಲೆಲ್ಲ ಬಿಡುಗಡೆಯಾದಂತೆ ನಾಲ್ಕೂ ದಿಕ್ಕಿಗೆ ಎದ್ದು ನಿಂತವು. ಒಂದೂ ಕಡಿಮೆಯಾಗಿರಲಿಲ್ಲ. ಅವಳು ಮೂಗು ಒರೆಸಿಕೊಂಡು ಹತ್ತಿರ ಹೋಗಿ, ಒಂದು ಕೂದಲನ್ನು ಎಳೆದು ಉದ್ದ ನೋಡಿದಳು.

“ಅಯ್ಯಯ್ಯೋ!” ಅಂದ ಅವನು.

“ಹ್ಞಾಂ, ಖರೇನ ಐತಿ,” ಅಂದಳು.

ಶೀಶೆಯ ಹಿಂದೆ ಎಷ್ಟು ಓದಿದರೂ ಬಗೆಹರಿಯದ ನನ್ನ ಅನುಮಾನ ಅವತ್ತು ಬಗೆಹರಿಯಿತು. ಬಾಮು ಅಸಲಿ.

ಸಿರುಗುಪ್ಪದ ಗುಮಾನಿ

ಗಡ್ಡ ತುಂಬಿತು. ನಮ್ಮ ಓಣಿಯವರು ಕಾರಣ ಕೇಳುವುದನ್ನು ಬಿಟ್ಟು ಎಣ್ಣೆಯ ಹೆಸರು ಕೇಳತೊಡಗಿದರು. ಗೆದ್ದೆವು ಅಂದುಕೊಂಡು, ಗೃಹಪ್ರವೇಶವೊಂದಕ್ಕೆ ತಮ್ಮನ ಮಾವನ ಮನೆಗೆ, ಸಿರುಗುಪ್ಪಕ್ಕೆ ಹೊರಟೆವು. ಊಟ ಮುಗಿಯುತ್ತಲೇ ಅವನ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ನನ್ನನ್ನು ಅಕ್ಕಿ ಚೀಲ ಇಡುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

“ಯಾವಾಕೀ ಅಕಿ?”

“ಯಾರ್ರೀ?”

“ನಿಮ್ಮ ತಮ್ಮ ಯಾವಾಕೀ ಹಿಂದ ಬಿದ್ದಾನ ಅಂತ ಕೇಳಾಕ ಹತ್ತೀನಿ. ಹಿಂದ ಬಸುರಿನ ಗಡ್ಡಕ್ಕ ನೀರೂ ಮುಟ್ಟಿಸದಾಂವ ಈಗ ಎಣ್ಣಿ ಹಚ್ಚತಾನಂತ, ಜೇಬಿನ್ಯಾಗ ಬಾಚಣಿಗಿ ಇಟ್ಟಾನಂತ. ಲಗ್ನದ ದಿನಾನೂ ತಲಿ ಬಾಚದ ಗಂಡಸು ಗಡ್ಡ ಬಾಚತಾನಂದ್ರ ನಾ ಏನ್ ತಿಳಕೋಬೇಕು? ನನ್ನ ಮಗಳ ಮಾರಿ ನೋಡ್ರಿ, ಹೆಂಗ ಸೊರಗೇತಿ!”

ಮಗಳ ಮುಖ ಸೊರಗಿದ್ದು ಬೆಳಗಿನ ವಾಂತಿಗೆ. ಅದನ್ನು ಹೇಳುವಂತಿಲ್ಲ. ಬೀಗಿತ್ತಿಯ ಕಿವಿಗೆ ಬಿದ್ದ ಸುದ್ದಿ ರಾತ್ರಿ ಉಣ್ಣುವ ಹೊತ್ತಿಗೆ ಪಕ್ಕದೂರು ತೆಕ್ಕಲಕೋಟೆ ಮುಟ್ಟುತ್ತದೆ. ದೇಶ ತಿರುಗಿದ ಬುದ್ಧಿಯನ್ನೆಲ್ಲ ಒಂದುಗೂಡಿಸಿದೆ. “ಅಂಥಾದ್ದೇನಿಲ್ರಿ. ಅವನ ಜೀನ್ಸಿಗೆ ಅವನ ಫೋಟೋನೇ ಹಾಕಬೇಕಂತ ಐತಿ. ಮಾಡೆಲಿಂಗ್‌ರೀ. ಅದಕ್ಕ ಗಡ್ಡ.”

“ಮಾಡ್ಲಿಂಗಾ?” ಅವರ ಮುಖ ಅರಳಿತು. ಬಾಗಿಲು ತೆಗೆಯುವ ಮೊದಲೇ ಹೊರಗಿದ್ದವರಿಗೆ ಕೂಗಿ ಹೇಳಿದರು. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ಅಳಿಯನನ್ನು ನೋಡಲು ಬಂದರು. ಫೋಟೋ ಎಲ್ಲಿ ಅಂದರು. ಬೇರೆ ದಾರಿ ಇಲ್ಲದೆ ಅವನನ್ನು ಕೆಂಚನಗುಡ್ಡಕ್ಕೆ ಕರೆದೊಯ್ದು, ಹಳೇ ಕಲ್ಲಿಗೆ ಒರಗಿಸಿ, ಹಿಂದೆ ತುಂಗಭದ್ರೆ ಬರುವಂತೆ ನಿಲ್ಲಿಸಿ ಫೋಟೋ ತೆಗೆದೆ. ಬಿಸಿಲಿಗೆ ಬಾಮು ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

ಫೋಟೋ ನೋಡಿದ ಬೀಗಿತ್ತಿ ಅದನ್ನು ಹಿಗ್ಗಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಚಂದ ಐತಿ. ಆದ್ರ ಇಷ್ಟು ಚಂದ ಕಂಡ್ರ, ಇಲ್ದಾಕಿನೂ ಹುಟ್ಟತಾಳ. ಗಡ್ಡ ತೆಗಸ್ರಿ.”

ತೊಟ್ಟಿಲ ದಿನ

ಐದು ತಿಂಗಳು ತುಂಬಿದ ಮೇಲೆ ಸುದ್ದಿ ಹೇಳಿದೆವು. ಬೀಗಿತ್ತಿ ಕುಣಿದಾಡಿದರು, ಅತ್ತರು, ಮಗಳ ಕೈತುಂಬ ಹಸಿರು ಬಳೆ ಇಡಿಸಿದರು. ನನ್ನ ಜೊತೆ ಮಾತ್ರ ಮಾತು ಬಿಟ್ಟರು. ಹಡೆದ ತಾಯಿಗೆ ಸುಳ್ಳು ಹೇಳಿದವಳು ಅಂತ ನನಗೆ ಉಣಬಡಿಸುವಾಗಲೂ ಗೋಡೆ ನೋಡಿಕೊಂಡೇ ಬಡಿಸುತ್ತಿದ್ದರು.

ಸಿರುಗುಪ್ಪದಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಗುಂಡಗೆ, ತಲೆ ತುಂಬ ಕೂದಲು. ತಮ್ಮ ಆಸ್ಪತ್ರೆಯಿಂದ ನೇರ ಕ್ಷೌರದಂಗಡಿಗೆ ಓಡಿದ. ನುಣ್ಣಗೆ ಮಾಡಿಸಿಕೊಂಡು ಬಂದು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ಪಕ್ಕದ ಮಂಚದ ಬಾಣಂತಿಯ ತಾಯಿ ಅವನ ಕೈ ಸರಿಸಿದರು. “ಏ ತಮ್ಮಾ, ಕೂಸಿನ ಅಪ್ಪ ಗಡ್ಡದೋನು ಅದಾನ, ಈಗ ಬರ್ತಾನ. ಸರಿ ಅತ್ಲಾಗ.”

ಆಮೇಲೆ ತೊಟ್ಟಿಲಿಗೆ ಹಾಕುವ ದಿನ ಬಂತು. ನಮ್ಮಲ್ಲಿ ಹೆಸರು ಕರೆಯುವವಳು ಸೋದರತ್ತೆ, ಅಂದರೆ ನಾನು. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು. ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ. ತಮಾಷೆಗೆ, ಮೆಲ್ಲಗೆ. ಪದ್ಧತಿ ಅಷ್ಟೇ.

ನಾನು ಬಗ್ಗಿದೆ, ‘ಕುರ್ರ್’ ಅಂದೆ, ಹೆಸರು ಹೇಳಿದೆ. ಧಡ್ ಅಂತ ಒಂದು ಬಿತ್ತು. ಮೆಲ್ಲಗಲ್ಲ.

“ಇದು ಫ್ಯಾಶನ್ನಿಗೆ,” ಅಂದಳು ಬಳ್ಳಾರಿಯಿಂದ ಬಂದ ನಮ್ಮ ಪಕ್ಕದ ಮನೆಯಾಕೆ.

“ಇದು ಎಣ್ಣಿ ಹೆಸರು ಹೇಳಿ ನನ್ನ ಗಂಡನ ಮಾರಿಗೂ ಹಚ್ಚಿಸಿದ್ದಕ್ಕ,” ಅಂದಳು ಅವಳ ಪಕ್ಕದಾಕೆ.

ತಲೆ ಎತ್ತಲು ನೋಡಿದೆ. ಸಿರುಗುಪ್ಪದ ಓಣಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಾಲಾಗಿ ನಿಂತಿದ್ದರು. ಅವರ ಮುಂದೆ ಬೀಗಿತ್ತಿ, ಬಳೆಗಳನ್ನು ಮೊಣಕೈಗೆ ಏರಿಸಿಕೊಳ್ಳುತ್ತಿದ್ದರು. ಬಾಣಂತಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದಳು. ಅವಳು ಹಾಗೆ ನಗುವುದನ್ನು ಆ ಮನೆ ನೋಡಿ ಬಹಳ ದಿನವಾಗಿತ್ತು. ನಾನು ಮತ್ತೆ ಬಗ್ಗಿದೆ. “ಬರ್ರಿ, ಯಾರ್ಯಾರದು ಬಾಕಿ ಐತಿ, ತೀರಿಸಿಕೊಳ್ರಿ.”

“ಇದು ಮಾಡ್ಲಿಂಗಿಗೆ!” ಅಂದರು ಬೀಗಿತ್ತಿ. ಅಷ್ಟು ತಿಂಗಳಲ್ಲಿ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. ನನ್ನ ಬೆನ್ನು ನಗಾರಿಯಂತೆ ಸದ್ದು ಮಾಡಿತು. ನಾನು ಏಳುವ ಮೊದಲೇ ಇನ್ನೊಂದು ಬಿತ್ತು.

“ಎರಡನೇದು ಯಾಕ್ರೀ?”

“ಮುಂದ ನೀವು ಹೇಳೋ ಸುಳ್ಳಿಗೆ,” ಅಂದು ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಬಾಯಿಗೆ ಸಕ್ಕರೆ ಹಾಕಿದರು.

ಬಾಕಿ ತೀರಿಸಲು ಬಗ್ಗಿದವಳು ಮುಂಗಡವನ್ನೂ ಕೊಟ್ಟು ಎದ್ದೆ.