ಸಾಹೇಬರ ಬಾಸುಂದಿಯಲ್ಲಿ ಅನುಮತಿಯಿಲ್ಲದೆ ವಿಷ ತಯಾರಿಸಿದ ಕ್ರಿಮಿಗಳ ಕುರಿತು

ಮುಕ್ಕಾಂ ಮತ್ತು ಔತಣ ವ್ಯವಸ್ಥಾ ಕಚೇರಿ, ಕುಷ್ಟಗಿ
ಸಂಖ್ಯೆ: ಔತಣ/ವಾಂತಿ/41/ಫಸಲಿ 1352
ದಿನಾಂಕ: 17ನೇ ಎಪ್ರಿಲ್ 1943

ವಿಷಯ: ಸ್ಟ್ಯಾಫಿಲೋಕಾಕಸ್ ಎಂಬ ಕ್ರಿಮಿಗಳ ಅನಧಿಕೃತ ವಿಷೋತ್ಪಾದನೆ.

ಉಲ್ಲೇಖ: (1) ಅಡುಗೆಯ ಕಳಕಮ್ಮಳ ರಜೆ ಅರ್ಜಿ, ದಿ. 13. (2) ದವಾಖಾನೆಯ ಡಾಕ್ಟರ್ ಮೌಲಾಹುಸೇನರ ವರದಿ, ದಿ. 15.

ದಿ. 14ರ ಬೆಳಿಗ್ಗೆ ಎಂಟಕ್ಕೆ ಸಿದ್ಧವಾದ ಬಾಸುಂದಿಯನ್ನು, ಸಾಹೇಬರಿಗಿಂತ ಮೊದಲು ಯಾರೂ ಉಣ್ಣಬಾರದೆಂಬ ನಿಯಮದಂತೆ, ಸಾಹೇಬರು ಗಂಗಾವತಿಯಿಂದ ಸಂಜೆ ನಾಲ್ಕಕ್ಕೆ ಆಗಮಿಸುವವರೆಗೆ ಮುಚ್ಚಿಡಲಾಗಿತ್ತು. ಉಂಡ ಮೂರು ತಾಸಿನೊಳಗೆ ಸಾಹೇಬರೂ ಸೇರಿ ಮೂವತ್ತೆಂಟು ಮಂದಿಗೆ ವಾಂತಿಭೇದಿಯಾಗಿದೆ. ಜೀವಹಾನಿಯಾಗಿಲ್ಲ, ಗೌರವಹಾನಿ ವಿಪರೀತವಾಗಿದೆ. ಆದಕಾರಣ ಸಂಬಂಧಪಟ್ಟ ಮನುಷ್ಯರಿಗೂ ಕ್ರಿಮಿಗಳಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಸದರಿ ಕ್ರಿಮಿಗಳು ಅಡುಗೆಯವಳ ಹೆಬ್ಬೆರಳಿನ ಕುರುವಿನ ಕೀವಿನಿಂದ ಹೊರಟು, ಕೆನೆ ಕಿವುಚುವಾಗ ಬಾಸುಂದಿಗಿಳಿದು, ಎಂಟು ತಾಸು ಸೆಕೆಯಲ್ಲಿ ಬೆಳೆದು ವಿಷ ಉತ್ಪಾದಿಸಿವೆಯೆಂದು ಡಾಕ್ಟರರ ವರದಿ. ಈ ಕಚೇರಿಯ ಆವರಣದಲ್ಲಿ ಎಂಟು ತಾಸು ಬಿಡುವಿಲ್ಲದೆ ಕೆಲಸ ನಡೆದದ್ದು ಇದೇ ಮೊದಲಾದರೂ, ಅದಕ್ಕಾಗಿ ಪ್ರಶಂಸೆ ಸಲ್ಲದು.

2. ಇನ್ನು ಮುಂದೆ ಸಾಹೇಬರು ಆಸೀನರಾಗುವ ಮೊದಲು ಯಾವ ಕ್ರಿಮಿಯೂ ವಿಷ ತಯಾರಿಸತಕ್ಕದ್ದಲ್ಲ. ಸಾಹೇಬರು ತಡವಾದಲ್ಲಿ ಅವೂ ಸಿಬ್ಬಂದಿಯಂತೆ ಸುಮ್ಮನೆ ಕಾಯತಕ್ಕದ್ದು.

3. ಬಾಸುಂದಿಯನ್ನು ಮತ್ತೆ ಕುದಿಸಿಯೇ ಬಡಿಸಲಾಗಿತ್ತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಅದು ಬಿಟ್ಟ ವಿಷ ಹಾಗೇ ಉಳಿಯುತ್ತದೆ ಎಂದು ಡಾಕ್ಟರರು ಬರೆದಿದ್ದಾರೆ. ಸತ್ತವರ ಕೆಲಸ ಮುಂದುವರಿದ ಉದಾಹರಣೆ ಕಡತಗಳಲ್ಲಿ ಇಲ್ಲದ್ದರಿಂದ ಇದನ್ನು ಒಪ್ಪಲಾಗಿಲ್ಲ. ಸಾಹೇಬರು ತಡವಾದದ್ದೂ ಒಂದು ಕಾರಣವೆಂಬ ಅವರ ವರದಿಯ ಸಾಲನ್ನು ಎರಡು ಬಾರಿ ಹೊಡೆದುಹಾಕಲಾಗಿದೆ.

4. ಕಳಕಮ್ಮಳ ಹೇಳಿಕೆ: "ಹೆಬ್ಬಟ್ಟಿಗೆ ಕುರು ಆಗೈತ್ರಿ, ಕೀವು ಸೋರಾಕ ಹತ್ತೈತಿ, ನಾಳಿ ಹಾಲಿನ ಕೆಲಸ ನನಗ ಬ್ಯಾಡ್ರಿ ಅಂತ ಕೈ ಮುಗದು ಹೇಳೀನಿ. ಯಾರೂ ಕೇಳಲಿಲ್ರಿ." ಇದು ಸತ್ಯಕ್ಕೆ ದೂರ. ಕೇಳಲಾಗಿತ್ತು. ಆದರೆ ಅರ್ಜಿಯ ಮೇಲೆ ಹೆಬ್ಬೆಟ್ಟಿನ ಗುರುತು ಮೂಡದೆ ಹಳದಿ ಕಲೆ ಮಾತ್ರ ಮೂಡಿದ್ದರಿಂದ, ರಜೆ ನಿರಾಕರಿಸಿ ಹಾಜರಾಗಲು ತಾಕೀದು ಮಾಡಲಾಗಿತ್ತು.

5. ಹನ್ನೊಂದು ವರ್ಷ ಅಡುಗೆ ಮಾಡಿದ ಸದರಿ ಕಳಕಮ್ಮಳನ್ನು ಕೆಲಸದಿಂದ ವಜಾ ಮಾಡಲಾಗಿದೆ. ಆದೇಶ ಮುಟ್ಟಿದ್ದಕ್ಕೆ ಅವಳ ಹೆಬ್ಬೆಟ್ಟನ್ನು ಸ್ಪಷ್ಟವಾಗಿ ಒತ್ತಿಸಿಕೊಳ್ಳತಕ್ಕದ್ದು. ಕುರು ಮಾಯುವವರೆಗೆ ಅದು ಸಾಧ್ಯವಿಲ್ಲದ್ದರಿಂದ, ಅಲ್ಲಿಯವರೆಗೆ ಅವಳೇ ಎಂದಿನಂತೆ ಅಡುಗೆ ಮಾಡತಕ್ಕದ್ದು. ಮಾಯ್ದ ದಿನವೇ ಮನೆಗೆ ಕಳಿಸತಕ್ಕದ್ದು.

6. ಸಾಹೇಬರು ಚೇತರಿಸಿಕೊಂಡ ಸಂತೋಷಕ್ಕೆ ಇದೇ 20ರ ಮಧ್ಯಾಹ್ನ ಔತಣವಿದೆ. ಬಾಸುಂದಿ ಕಡ್ಡಾಯ. ಸಾಹೇಬರು ಬರುವ ಹೊತ್ತು ತಿಳಿದುಬಂದಿಲ್ಲ.

(ಸಹಿ) ದೇವೇಂದ್ರಪ್ಪ
ಮುಖ್ಯ ವ್ಯವಸ್ಥಾಪಕರ ಪರವಾಗಿ
(ಮುಖ್ಯ ವ್ಯವಸ್ಥಾಪಕರು ಇನ್ನೂ ಬಯಲಿಂದ ಮರಳಿಲ್ಲ)

ಪ್ರತಿಗಳು:
ಡಾಕ್ಟರ್ ಮೌಲಾಹುಸೇನರಿಗೆ, 20ರ ಸಂಜೆ ದವಾಖಾನೆ ತೆರೆದಿಡಲು.
ಕ್ರಿಮಿಗಳಿಗೆ, ಪಾತ್ರೆಯ ಮುಚ್ಚಳದ ಒಳಬದಿಗೆ ಅಂಟಿಸಿ.
ಕಳಕಮ್ಮಳಿಗೆ. (ಓದಿ ಹೇಳಲಾಯಿತು. "ಹಂಗಾದ್ರ ಈ ಕುರು ಮಾಯಬಾರದು ನೋಡ್ರಿ" ಎಂದು, ಡಾಕ್ಟರರು ಕೊಟ್ಟ ಮುಲಾಮನ್ನು ವಾಪಸು ಮಾಡಿದ್ದಾಳೆ. — ಗುಮಾಸ್ತ ಹುಲಗಪ್ಪ)